ಅಂಗಾಲು ನೋಡಿದ ನರ್ಸಬಾಯಿ

ನೆಲಕ್ಕೆ ಕೂಡುವಾಗ ಆಕೆಯ ಮೊಣಕಾಲುಗಳು ಒಣ ಕಟ್ಟಿಗೆಯಂತೆ ಲಟಲಟ ಅನ್ನುತ್ತಿದ್ದವು. ಬಾಗಿಲ ಚೌಕಟ್ಟು ಹಿಡಿದು "ಉಸ್ಸಪ್ಪಾ" ಎಂದು ಕೂಡುವಳು. ಮಾಜಿ ಸೈನಿಕರ ದವಾಖಾನೆಯ ನರ್ಸಬಾಯಿ ಆಕೆ. ತಿಂಗಳಿಗೊಮ್ಮೆ ಜೀಪಿನಲ್ಲಿ ನಮ್ಮ ತಡಸದ ಕಡೆ ಬರುತ್ತಿದ್ದಳು. ದಪ್ಪನೆಯ ಹೆಂಗಸು, ಬಾಯಿ ಜೋರು. ಚಹಾಕ್ಕೆ ಸಕ್ಕರೆ ಬೇಡ ಎನ್ನುವಳು, ಅವಲಕ್ಕಿಗೆ ಮಾತ್ರ ಎಂದೂ ಒಲ್ಲೆ ಎನ್ನಲಿಲ್ಲ.

ನಮ್ಮನೆಯವರು ಫೌಜಿನಲ್ಲಿ ಹವಾಲ್ದಾರರಾಗಿದ್ದವರು. ಪೆನ್ಶನ್ ಆದ ಮೇಲೆ ಓಟ ನಿಂತಿತು, ತಾಟು ನಿಲ್ಲಲಿಲ್ಲ. ಉಣ್ಣಿಸಿದವಳು ನಾನೇ. ಮೈ ಬಂತು, ಸಕ್ಕರೆ ಬೇನೆ ಬಂತು, ಬಿ.ಪಿ. ಬಂತು. ಒಂದು ದವಾಖಾನೆಯಲ್ಲಿ ತೂಕದ ಕಾಟಾ ಇವರ ಭಾರಕ್ಕೆ ಸಾಲಲಿಲ್ಲ. "ಗೋವಿನಜೋಳದ ಚೀಲಾ ತೂಗೂ ಕಾಟಾಕ್ಕ ಹೋಗ್ರಿ ಅಜ್ಜಾರ" ಎಂದ ಕಂಪೌಂಡರ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವತ್ತಿನಿಂದ ಎರಡು ವರ್ಷ ಇವರು ಯಾವ ದವಾಖಾನೆಯ ಮೆಟ್ಟಿಲೂ ಹತ್ತಲಿಲ್ಲ. ಗುಳಿಗೆಯನ್ನೂ ಬಿಟ್ಟರು.

ನರ್ಸಬಾಯಿ ನಮ್ಮ ಮನೆಗೆ ಬಂದ ಮೊದಲ ದಿನ ತೂಕದ ಸುದ್ದಿಯನ್ನೇ ಎತ್ತಲಿಲ್ಲ. "ಕಾಲು ತೋರಸ್ರಿ ಸಾಹೇಬ್ರ" ಎಂದಳು.

ಇವರು ಧೋತರದೊಳಗೆ ಕಾಲು ಎಳೆದುಕೊಂಡರು. "ಹೆಣ್ಣಮಗಳದಿ ನೀನು. ಕಾಲು ಮುಟ್ಟಬ್ಯಾಡವಾ."

"ಪಲ್ಟನ್‌ನ್ಯಾಗ ಸಾಹೇಬ್ರು ಬೂಟು ಬಿಚ್ಚಿಸಿ ಕಾಲು ನೋಡತಿರಲಿಲ್ಲೇನ್ರಿ?"

"ನೋಡತಿದ್ರು. ಮಾರ್ಚ್ ಮುಗದ ಮ್ಯಾಲ. ಗುಳ್ಳಿ ಎದ್ದಾವೇನಂತ."

"ಹಂಗಾರ ನಾನ ಆ ಸಾಹೇಬ ಅಂತ ತಿಳಕೋರಿ. ಚಾಚ್ರಿ!"

ಚಾಚಿದರು. ಅಂಗಾಲಲ್ಲಿ, ಕಿರುಬೆರಳ ಬುಡಕ್ಕೆ, ಜಾಲಿಮುಳ್ಳು ಮುರಿದು ಉಳಿದಿತ್ತು, ಸುತ್ತ ಕರ್ರಗೆ ಕೊಳೆತಿತ್ತು. ಸಕ್ಕರೆ ಬೇನೆಯಿಂದ ಕಾಲು ಜೋಮು ಹಿಡಿದಿತ್ತು, ಇವರಿಗೆ ನೋವೇ ಗೊತ್ತಾಗಿರಲಿಲ್ಲ. ನರ್ಸಬಾಯಿ ನನ್ನ ಕಡೆ ತಿರುಗಿದಳು.

"ಯವ್ವಾ, ಈ ಕಾಲಿಗೆ ನೀವು ಯಾವಾಗ್ಯಾವಾಗ ನಮಸ್ಕಾರ ಮಾಡ್ತೀರಿ?"

"ಹಬ್ಬಕ್ಕ, ಅಮಾಸಿಗೆ, ಸೋಮವಾರಕ್ಕೊಮ್ಮಿ."

"ಬುಡಕ ಒಮ್ಮಿನೂ ನೋಡಿಲ್ಲ?"

ನಲವತ್ತು ವರ್ಷ ಹಣೆ ಹಚ್ಚಿದ ಕಾಲು. ಮೇಲಿನದು ಬಿಟ್ಟು ಬೇರೆ ನೋಡಿರಲಿಲ್ಲ.

ಅದೇ ಜೀಪಿನಲ್ಲಿ ಇವರನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದಳು. ಕಿರುಬೆರಳು ಹೋಯಿತು, ಕಾಲು ಉಳಿಯಿತು. ಇನ್ನೆಂಟು ದಿನ ತಡವಾಗಿದ್ದರೆ ಮೊಣಕಾಲ ತನಕ ತೆಗೆಯಬೇಕಾಗುತ್ತಿತ್ತು ಎಂದರು ಡಾಕ್ಟರು.

ಆಮೇಲೆ ಆಕೆ ಮೇಲಿನವರಿಗೆ ಅರ್ಜಿಯ ಮೇಲೆ ಅರ್ಜಿ ಬರೆದು ತಮ್ಮ ದವಾಖಾನೆಗೆ ದೊಡ್ಡ ಕಾಟಾ ತರಿಸಿದಳು. ಅದನ್ನು ಪರದೆಯ ಹಿಂದೆ ಇಡಿಸಿದಳು. ದಪ್ಪ ಮೈಯವರು ಆರಾಮಾಗಿ ಕೂಡುವಂಥ ಅಗಲ ಬೆಂಚು ಹಾಕಿಸಿದಳು. "ಬೈದ್ರ ಮೈ ಇಳಿಯೂದಿಲ್ರಿ, ಮನಷ್ಯಾ ಬರೂದು ಬಿಡ್ತಾನ" ಎನ್ನುವಳು. ನಮ್ಮವರು ಹೋಗತೊಡಗಿದರು. ನಾಲ್ಕು ರೊಟ್ಟಿ ಎರಡಾದವು, ಪಲ್ಯ ಹೆಚ್ಚಾಯಿತು. ಅದಕ್ಕೆ ಇವರು ಜಗಳ ತೆಗೆದರು, ನಾನೂ ಬಿಡಲಿಲ್ಲ. ಮೈ ಸ್ವಲ್ಪ ಇಳಿದಿದೆ, ಬಹಳವೇನಲ್ಲ. ಸಕ್ಕರೆ ಮಾತ್ರ ಹತೋಟಿಗೆ ಬಂದಿದೆ.

ಆಕೆಗೆ ವರ್ಗವಾಗಿ ಎರಡು ವರ್ಷವಾಯಿತು. ಇವರು ಇಂದು ಎರಡು ಕಾಲ ಮೇಲೆ ನಡೆಯುವುದು ಆಕೆಯ ಉಪಕಾರ. ಆಕೆ ಹೋಗುವಾಗ ನಾನು ಇದನ್ನು ಹೇಳಬೇಕಿತ್ತು, ಹೇಳಲಿಲ್ಲ.

ಮೊನ್ನೆ ಸವಣೂರಿನಲ್ಲಿ ಇವರ ಪಲ್ಟನ್ನಿನ ಗೆಳೆಯನ ಮನೆಗೆ ಹೋಗಿದ್ದೆವು. ಅವನದೂ ಇದೇ ಮೈ, ಇದೇ ಬೇನೆ, ದವಾಖಾನೆಗೆ ಹೋಗಲಾರೆನೆಂಬ ಇದೇ ಹಠ. ನಮ್ಮವರು ಕುರ್ಚಿ ಎಳೆದುಕೊಂಡು ಅವನೆದುರು ಕುಳಿತರು.

"ಕಾಲು ಚಾಚಲೇ."

"ಹುಚ್ಚು ಹಿಡದೈತೇನಲೇ ನಿನಗ?"

ಇವರು ತಮ್ಮ ನಾಲ್ಕು ಬೆರಳಿನ ಪಾದವನ್ನು ಎತ್ತಿ ಅವನ ಮುಂದೆ ಹಿಡಿದರು. ಅವನು ಇಲ್ಲದ ಬೆರಳಿನ ಜಾಗ ನೋಡಿದ. ನಗಲಿಲ್ಲ. ಆಮೇಲೆ ಮೆಲ್ಲಗೆ ಕಾಲು ಚಾಚಿದ.

ನಾನು ಒಳಗಿದ್ದ ಅವನ ಹೆಂಡತಿಯನ್ನು ಕೂಗಿದೆ. "ಕಣ್ಣಿಗೆ ಚಾಳೀಸು ಹಾಕ್ಕೊಂಡು ಬಾರವಾ, ನೀನೂ ನೋಡು."