ನಮ್ಮವರು ಹಾಕಿದ ಹಳದಿ ದಾರಿ

ನಮ್ಮ ಯಜಮಾನರಿಗೆ ಬಾರದ ವಿದ್ಯೆ ಒಂದೇ, ಇನ್ನೊಬ್ಬರನ್ನು ಕೇಳುವುದು. ಹೊಸ ಊರಿಗೆ ಹೋದರೆ ವಿಳಾಸ ಕೇಳದೆ ಕಾಲು ಸೋಲುವ ತನಕ ಸುತ್ತುತ್ತಾರೆ, ನನ್ನನ್ನೂ ಸುತ್ತಿಸುತ್ತಾರೆ. ಮದುವೆಯಾದ ಹೊಸದರಲ್ಲಿ ತಾವೇ ಜೋಡಿಸಿದ ಕಪಾಟಿನ ಬಾಗಿಲು ಇವತ್ತಿಗೂ ತಲೆಕೆಳಗಾಗಿದೆ, ಬೀಗ ತೆಗೆಯಲು ನಾನು ಬಗ್ಗಬೇಕು. ಏನಾದರೂ ಅಂದರೆ, "ಮೇಸ್ತ್ರಿಗೇ ಹೇಳಿಕೊಡ್ತೀಯಾ?" ಅನ್ನುತ್ತಾರೆ. ಆದರೆ ನೆಲದ ಕೆಲಸದಲ್ಲಿ ಮಾತ್ರ ಅವರದು ಎತ್ತಿದ ಕೈ. ಅವರು ಕೂರಿಸಿದ ಟೈಲ್ಸ್ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ. ತಾವು ಹಾಕಿದ್ದನ್ನು ತಾವೇ ಕಿತ್ತ ಉದಾಹರಣೆ ಇಲ್ಲ. ಇದನ್ನು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನೇ.

ನಾನು ಪೇಟೆ ನಡುವಿನ ದೊಡ್ಡ ಕಾಲೇಜಿನಲ್ಲಿ ಗ್ರಂಥಾಲಯದ ಅಟೆಂಡರ್. ಕಾಲೇಜು ರಸ್ತೆಯ ಎರಡೂ ಬದಿಗೆ ಹರಡಿಕೊಂಡಿದೆ. ಈಚೆ ಕಚೇರಿ, ಗ್ರಂಥಾಲಯ. ಆಚೆ ತರಗತಿಗಳು, ಅದರ ಪಕ್ಕಕ್ಕೆ ಬಸ್ ನಿಲ್ದಾಣ. ನಡುವೆ ಬಿಡುವಿಲ್ಲದ ವಾಹನ. ಗಂಟೆ ಹೊಡೆದ ಕೂಡಲೇ ಮಕ್ಕಳು ಪುಸ್ತಕ ಎದೆಗವಚಿಕೊಂಡು, ಒಂದು ಕೈ ಅಡ್ಡ ಹಿಡಿದು ಓಡುತ್ತಿದ್ದರು. ಕೊನೆಗೆ ನಗರಸಭೆಗೂ ಕಾಲೇಜಿಗೂ ಒಟ್ಟಿಗೆ ಬುದ್ಧಿ ಬಂತು. ಹಳೇ ಗೋದಾಮು ಕೆಡವಿ, ಅಗಲವಾದ ಕಾಲುದಾರಿ, ಕೂರಲು ಕಲ್ಲುಬೆಂಚು, ದಾಟಲು ಬಿಳಿ ಪಟ್ಟೆ ಎಲ್ಲ ಮಾಡಲು ಹೊರಟರು. ನೆಲದ ಕೆಲಸ ನಮ್ಮವರ ಪಾಲಿಗೆ ಬಂತು.

ಬೂದು ಟೈಲ್ಸ್ ನಡುವೆ ಹಾಕಲು ಹಳದಿ ಟೈಲ್ಸ್ ಬಂದವು. ಅದರಲ್ಲಿ ಎರಡು ಬಗೆ: ಒಂದರ ಮೇಲೆ ಉದ್ದಕ್ಕೆ ಉಬ್ಬಿದ ಗೆರೆಗಳು, ಇನ್ನೊಂದರ ಮೇಲೆ ದುಂಡನೆಯ ಚುಕ್ಕಿಗಳು. ಎಂಜಿನಿಯರ್ ನಕ್ಷೆ ಬಿಡಿಸಿ, "ಇದು ಹೇಗೆ ಹಾಕೋದು ಗೊತ್ತಲ್ವಾ ಮೇಸ್ತ್ರಿ?" ಅಂದನಂತೆ. ಇವರು "ಗೊತ್ತು" ಅಂದರಂತೆ. ಅವನಿಗೂ ಅಷ್ಟೇ ಸಾಕಾಗಿತ್ತು. ನಕ್ಷೆ ಸುತ್ತಿಕೊಂಡು ಇನ್ನೊಂದು ಕೆಲಸದ ಕಡೆ ಹೋದ.

ಆ ಸಂಜೆ ಎರಡೂ ಬಗೆಯಲ್ಲಿ ಒಂದೊಂದನ್ನು ಮನೆಗೆ ತಂದು ನೆಲದ ಮೇಲಿಟ್ಟು, ತಲೆ ಓರೆ ಮಾಡಿ ನೋಡುತ್ತ ಕೂತರು.

"ಎರಡು ಥರ ಯಾಕ್ರೀ?" ಅಂದೆ.

"ಒಂದೇ ಥರ ಇದ್ರೆ ನೋಡೋಕೆ ಏನು ಚೆಂದ? ಬಟ್ಟೆಗೆ ಅಂಚು ಬೇಡ್ವಾ?"

"ಆ ಎಂಜಿನಿಯರನ್ನ ಒಂದು ಮಾತು ಕೇಳಬಾರ್ದಾ?"

"ಅವನು ಹುಟ್ಟೋಕೆ ಮುಂಚೆ ನಾನು ಕರಣೆ ಹಿಡಿದಿದ್ದೆ."

ಮರುದಿನದಿಂದಲೇ ಕೆಲಸ ಶುರು ಮಾಡಿದರು. ಗೆರೆಯ ಟೈಲ್ಸನ್ನು ಉದ್ದಕ್ಕೆ ಓಡಿಸಿ, ನಡುನಡುವೆ ಚುಕ್ಕಿಯವನ್ನು ಸುತ್ತ ಜೋಡಿಸಿ ಹೂವು ಬಿಡಿಸಿದರು. ರಸ್ತೆ ದಾಟುವ ಕಡೆ ಗೆರೆಗಳು ಬಾಣದ ಹಾಗೆ ನೇರ ಅಂಚಿನ ತನಕ ಹೋದವು. ನೋಡಿದವರೆಲ್ಲ ಹೊಗಳಿದರು. ಉದ್ಘಾಟನೆಗೆ ಬಂದವರು ಹೂವಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ನಾನಂತೂ ಪುಸ್ತಕ ವಾಪಸು ಕೊಡಲು ಬಂದವರಿಗೂ ಬಿಡದೆ, "ಅದು ನಮ್ಮನೆಯವರದು" ಎಂದು ಡಂಗುರ ಸಾರಿದೆ.

ಕಚೇರಿಯ ಟೆಲಿಫೋನ್ ಆಪರೇಟರ್ ನನ್ನ ಜೊತೆ ಊಟದ ಡಬ್ಬಿ ಬಿಚ್ಚುವ ಗೆಳತಿ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣಿಸದು. ಪ್ರಿನ್ಸಿಪಾಲರ ದನಿಯನ್ನು ಅಣಕಿಸಿ ನನ್ನನ್ನು ಎಷ್ಟೋ ಸಲ ಊಟದ ನಡುವೆ ಕೆಮ್ಮಿಸಿದ್ದಾಳೆ. ನಮ್ಮವರನ್ನು ಅವಳು ಭೇಟಿಯಾಗಿರಲಿಲ್ಲ, ನನ್ನ ಬಾಯಲ್ಲಿ ಕೇಳಿದ್ದಳಷ್ಟೇ. ಅವಳನ್ನೂ ಕರೆದುಕೊಂಡು ಹೋಗಿ, ಚಪ್ಪಲಿ ಬಿಡಿಸಿ, ಹೂವಿನ ಮೇಲೆ ನಿಲ್ಲಿಸಿದೆ. ಅವಳು ಸುಮ್ಮನೆ ಕಾಲಾಡಿಸಿ, "ತಗ್ಗುದಿಣ್ಣೆ ಒಂಚೂರೂ ಇಲ್ಲ ಕಣೆ, ನೀಟಾಗಿ ಕೂರಿಸಿದಾರೆ" ಅಂದಳು. ನಾನು ಅದನ್ನೇ ಮನೆಗೆ ಹೊತ್ತುಕೊಂಡು ಹೋಗಿ ಹೇಳಿದೆ. ಅವರು ಎರಡು ದಿನ ಮೀಸೆಯಡಿ ನಗುತ್ತಿದ್ದರು.

ಅದಾದ ಮೇಲೆ ಒಂದು ಬೆಳಿಗ್ಗೆ ಗ್ರಂಥಾಲಯದ ಮೆಟ್ಟಿಲ ಮೇಲಿಂದ ನೋಡುತ್ತಿದ್ದೆ. ಆಚೆ ಬದಿಯಲ್ಲಿ ಬಸ್ಸಿಳಿದ ಅವಳು ಗೆರೆಯ ಮೇಲೆ ಕೋಲು ಎಳೆಯುತ್ತ ಬಂದು, ನಿಲ್ಲದೆ ನೇರ ರಸ್ತೆಗೇ ಇಳಿದಳು. ಬಸ್ಸೊಂದು ಕಿರುಚಿಕೊಂಡು ಅವಳ ಮೈಗೆ ತಾಗುವಷ್ಟು ಹತ್ತಿರ ನಿಂತಿತು. ಓಡಿಹೋಗಿ ಚಾಲಕನಿಗೆ ಬಾಯಿಗೆ ಬಂದಂತೆ ಬೈದೆ. "ಬಿಡೇ, ನಂದೇ ಗಮನ ಎಲ್ಲೋ ಇತ್ತು" ಅಂದಳು. ನಾನು ಅಲ್ಲಿಗಾದರೂ ಸುಮ್ಮನಾಗಬಾರದೇ? "ಇಷ್ಟು ಒಳ್ಳೇ ದಾರಿ ಮಾಡಿಕೊಟ್ಟಿದಾರೆ, ಹುಷಾರಾಗಿ ಬರಬಾರ್ದಾ?" ಎಂದು ಅವಳನ್ನೂ ಗದರಿಸಿದೆ. ಅವಳು ತಲೆ ಆಡಿಸಿದಳು.

ಸ್ವಲ್ಪ ದಿನಕ್ಕೆ ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಕಾಲೇಜಿಗೆ ಸೇರಿದಳು. ಅವಳಿಗೆ ಓಡಾಟ ಕಲಿಸಲು ಒಬ್ಬ ಶಿಕ್ಷಕರು ಬಂದಿದ್ದರು. ನಾನು ಬಾಗಿಲು ಒರೆಸುತ್ತಿದ್ದಾಗ ಅವರ ಮಾತು ಕಿವಿಗೆ ಬಿತ್ತು. "ಗೆರೆ ಸಿಕ್ಕಿದ್ರೆ ನಡಿ ಅಂತ ಅರ್ಥ, ಚುಕ್ಕಿ ಸಿಕ್ಕಿದ್ರೆ ನಿಲ್ಲು, ಮುಂದೆ ರಸ್ತೆನೋ ಮೆಟ್ಟಿಲೋ ಇದೆ ಅಂತ. ಆದ್ರೆ ಇಲ್ಲಿ ಇದನ್ನ ನಂಬಬೇಡಮ್ಮ. ಹಾಕಿದವನಿಗೆ ಏನೂ ಗೊತ್ತಿಲ್ಲ. ಗೋಡೆ ಹಿಡಿದು ನಡಿ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಬಸ್ಸಿನವನಿಗೆ ಬೈದದ್ದು, ಗೆಳತಿಯನ್ನು ಗದರಿಸಿದ್ದು, ಚಪ್ಪಲಿ ಬಿಡಿಸಿ ನಿಲ್ಲಿಸಿದ್ದು, ಒಂದೊಂದೇ ನೆನಪಾಯಿತು.

ಮನೆಗೆ ಬಂದು ಬಸ್ಸಿನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದೆ. ಮೊದಲು ಅವರು ಹಾರಾಡಿದರು. ನಕ್ಷೆ ಸರಿ ಇರಲಿಲ್ಲ ಅಂದರು, ಆ ಎಂಜಿನಿಯರ್ ಬಾಯಲ್ಲಿ ಏನಿಟ್ಟುಕೊಂಡಿದ್ದ ಅಂದರು, ಹೊಗಳಿದವರಿಗೆ ಕಣ್ಣಿರಲಿಲ್ಲವಾ ಅಂದರು. ಆಮೇಲೆ ಮೆಲ್ಲಗೆ, "ನಿನ್ನ ಗೆಳತಿ ಏನೂ ಅನ್ನಲಿಲ್ವಾ?" ಅಂದರು. ಇಲ್ಲ ಅಂದೆ.

ಮರುದಿನ ಸಂಜೆ ಅವರೇ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ನೋಡಿದ್ದಾರೆ. ನನ್ನ ಗೆಳತಿ ಕಚೇರಿಯಿಂದ ಹೊರಬಂದಳಂತೆ. ಕೋಲಿಗೆ ಹಳದಿ ಟೈಲ್ಸ್ ತಗುಲಿದ ಕೂಡಲೇ ಪಕ್ಕಕ್ಕೆ ಸರಿದು, ಚರಂಡಿಯ ಅಂಚಿನಲ್ಲಿ ನಿಲ್ಲಿಸಿದ ಸ್ಕೂಟರುಗಳ ನಡುವೆ ನುಸುಳುತ್ತ, ಒಂದೊಂದಕ್ಕೂ ಮೊಣಕಾಲು ತಾಗಿಸಿಕೊಳ್ಳುತ್ತ ಹೋದಳಂತೆ. ಇಷ್ಟು ಹೇಳಿ ಅವರು ಬೂಟು ಕೂಡ ಬಿಚ್ಚದೆ ಹೊಸ್ತಿಲ ಬಳಿ ಕೂತರು. "ನನಗೆ ನಾಚಿಕೆ ಆಗ್ತಿದೆ ಕಣೆ" ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಬೆಳಗಾದ ಮೇಲೆ ಎಂಜಿನಿಯರ್ ಹತ್ತಿರ ಹೋಗಿ, "ಹೇಗೆ ಹಾಕಬೇಕು, ಹೇಳಿಕೊಡಿ" ಎಂದು ಕೇಳಿದರು. ನಕ್ಷೆಯಲ್ಲಿ ಎಲ್ಲ ಸರಿಯಾಗೇ ಇತ್ತು. ಒಂದು ಸಲವೂ ಬಂದು ನೋಡದ ಅವನ ಮುಖವೂ ಕೆಂಪಾಯಿತಂತೆ. ಕಿತ್ತು ಮತ್ತೆ ಹಾಕುವುದೆಂದಾಯಿತು. ಆದರೆ ಮಾನ ದೊಡ್ಡದು ನೋಡಿ. ನಮ್ಮವರು ಕೆಲಸದವರಿಗೆಲ್ಲ "ನಕ್ಷೆ ಬದಲಾಯ್ತು" ಅಂದರು. ನಾನೇನು ಕಡಿಮೆಯೇ? ಊಟದ ಹೊತ್ತಿಗೆ ಗೆಳತಿ "ಹೊರಗೆ ಏನೋ ಒಡೆಯೋ ಸದ್ದು?" ಅಂದಾಗ, "ನಕ್ಷೆ ಬದಲಾಯ್ತಂತೆ, ಬೇರೆ ಯಾರೋ ಮೇಸ್ತ್ರಿ ಬಂದಿದಾರೆ" ಅಂದುಬಿಟ್ಟೆ. ಅವಳು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ವಾಪಸು ಇಟ್ಟಳು. ಅವಳು ಏನು ಯೋಚಿಸುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ.

ದಾಟುವ ಕಡೆಯ ಕೆಲಸ ನಡೆಯುತ್ತಿದ್ದ ಮಧ್ಯಾಹ್ನ ಅವರಿಗೆ ಡಬ್ಬಿ ಕೊಡಲು ಹೋದೆ. ಅವರು ಮಂಡಿಯೂರಿ ರಸ್ತೆಯಂಚಿಗೆ ಚುಕ್ಕಿಯ ಸಾಲು ಕೂರಿಸುತ್ತಿದ್ದರು. ಅಷ್ಟರಲ್ಲಿ ಕೋಲಿನ ಸದ್ದು. ಗೆಳತಿ ಬಂದು, ಚುಕ್ಕಿಗಳಿಗೆ ಕೋಲು ತಾಗಿದ ಕೂಡಲೇ ನಿಂತಳು.

"ಮೇಸ್ತ್ರಿಗಳು ಇದೀರಾ?"

"ಇದೀನಿ ಮೇಡಂ."

"ಈಗ ಸರಿಯಾಗಿದೆ. ನಿಮಗೆ ಕೆಲಸ ಗೊತ್ತು. ಒಂದು ಮಾತು ಕೇಳಲಾ? ಮುಂಚೆ ಮಾಡಿದವರನ್ನ ಕೆಲಸದಿಂದ ತೆಗೆದ್ರಾ? ನಾನು ಯಾರ ಹತ್ರಾನೂ ದೂರು ಹೇಳಿಲ್ಲ. ಅವರ ಹೆಂಡತಿ ನನಗೆ ತುಂಬಾ ಬೇಕಾದವಳು. ನನ್ನಿಂದ ಅವರ ಅನ್ನಕ್ಕೆ ಕಲ್ಲು ಬಿತ್ತಾ ಅಂತ ರಾತ್ರಿ ನಿದ್ದೇನೇ ಬರ್ತಿಲ್ಲ."

ನಾನು ನಾಲ್ಕು ಹೆಜ್ಜೆ ದೂರದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಬಳೆ ಸದ್ದಾಗದ ಹಾಗೆ ಕೈ ಎದೆಗೆ ಒತ್ತಿಕೊಂಡಿದ್ದೆ. ಕಣ್ಣಿಲ್ಲದವಳ ಮುಂದೆ ಹಗಲು ಹೊತ್ತಿನಲ್ಲಿ ಹೀಗೆ ಬಚ್ಚಿಟ್ಟುಕೊಂಡಿದ್ದೆ.

ಅವರು ಕರಣೆ ಕೆಳಗಿಟ್ಟರು. "ಮುಂಚೆ ಮಾಡಿದವನೂ ನಾನೇ ಮೇಡಂ. ಯಾರನ್ನೂ ಕೇಳದೆ ಮಾಡಿದ್ದು ನನ್ನ ತಪ್ಪು. ನೀವು ಸತ್ತೇಹೋಗ್ತಿದ್ರಿ."

ಅವಳು ಕೋಲಿನ ತುದಿಯಿಂದ ಚುಕ್ಕಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಬಸ್ಸುಗಳು ಹೋದವು. ಆಮೇಲೆ, "ಮತ್ತೆ ಅವಳು ನನಗೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಮುಖವನ್ನು ಸ್ವಲ್ಪ ತಿರುಗಿಸಿ ಕೇಳಿದಳು: "ಅವಳೂ ಇಲ್ಲೇ ಇದಾಳಾ?"

ಅವರು ನನ್ನ ಕಡೆ ನೋಡಿದರು. ಉತ್ತರವನ್ನು ನನಗೇ ಬಿಟ್ಟರು.

"ಇದೀನಿ ಕಣೆ" ಅಂದೆ.