ಆಫ್ರೀನ ಓದದ ಪ್ರಬಂಧ

ಸಮಯ ಮುಗಿಯಿತೆಂದು ಮೇಜಿನ ಮೇಲಿನ ಗಂಟೆ ಟಿಣ್ ಎಂದಿತು. ಬಾಗಲಕೋಟೆಯ ಕಾಲೇಜೊಂದರಲ್ಲಿ ನಡೆದಿದ್ದ ನೀತಿಶಾಸ್ತ್ರ ಮತ್ತು ರಾಜಕೀಯ ಚಿಂತನೆಯ ಸಂಶೋಧನಾ ಗೋಷ್ಠಿಯಲ್ಲಿ ಆಫ್ರೀನ ಇನ್ನೂ ಮೊದಲ ಪುಟದಲ್ಲೇ ಇದ್ದಳು.

ಅವಳು ಇಳಕಲ್ಲಿನ ನೇಕಾರರ ಮನೆಯ ಮಗಳು. ಹುನಗುಂದದಲ್ಲಿ ಅತಿಥಿ ಉಪನ್ಯಾಸಕಿ. ರಜೆ ಸಿಕ್ಕಾಗಲೆಲ್ಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ಹೆಂಗಸರ ಜೊತೆ ಕೂತು ಅವರ ಮಾತು ಕೇಳಿದ್ದಳು. ಒಪ್ಪಿಗೆ ಕೇಳದೆ ಜನರನ್ನು ಒಕ್ಕಲೆಬ್ಬಿಸುವುದು ನ್ಯಾಯವೇ ಎಂಬುದು ಅವಳ ಪ್ರಶ್ನೆ. ಆದರೆ ಬೆಳಗಿನಿಂದ ಗಣ್ಯರಿಗೆ ಶಾಲು ಹೊದಿಸುವುದೇ ನಡೆದು, ಪ್ರಬಂಧಗಳಿಗೆ ಉಳಿದದ್ದು ತಲಾ ಎರಡು ನಿಮಿಷ.

"ಸಾಕು ಬಿಡವಾ, ಊಟ ಆರಾಕತ್ತೈತಿ," ಎಂದರು ಸಂಚಾಲಕ ಪ್ರೊಫೆಸರ್ ಹೊಸಮನಿ.

"ಆ ಹೆಂಗಸರ ಮಾತು ಇನ್ನೂ ಶುರುನೇ ಆಗಿಲ್ರಿ ಸರ್."

"ಅದನ್ನ ಯಾರ್ ಕೇಳ್ತಾರ? ತಗೋ ಪ್ರಮಾಣಪತ್ರ. ಇದಿಲ್ದ ನಿನ್ನ ಪಿಎಚ್‌ಡಿ ಮುಂದ ಹೋಗೂದಿಲ್ಲ."

ಪ್ರಬಂಧ ಮಂಡಿಸಿದ್ದಾಳೆ ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು. ಆಫ್ರೀನ ಆ ಸಾಲನ್ನು ಓದಿ ತಲೆಯೆತ್ತಿದಳು.

"ನಾ ಓದೇ ಇಲ್ಲ. ಓದ್ಯಾಳಂತ ಹೆಂಗ ಬರದ್ರಿ? ಆ ಹೆಂಗಸರು ಮನಿ ಬಿಡಾಕ ಒಪ್ಯಾರ ಅಂತನೂ ಅಧಿಕಾರಿಗಳು ಹಿಂಗ ಬರಕೊಂಡಿದ್ರು. ಅವರನ್ನ ಯಾರೂ ಕೇಳಿರ್ಲಿಲ್ರಿ."

"ಎಲ್ಲಾರೂ ಸುಮ್ನ ತಗೊಂಡಾರ. ನೀ ಒಬ್ಬಾಕಿನೇ ಭಾಳ ಶಾಣ್ಯಾಕಿ ಏನು? ನಾಳೆ ನಿನ್ನ ಗೈಡ್ ಕೇಳಿದ್ರ ನಾ ಏನ್ ಹೇಳ್ಲಿ..."

ಅವರು ಇನ್ನೂ ಮಾತಾಡುತ್ತಲೇ ಇದ್ದರು. ಅವರ ಕೈಯಲ್ಲಿದ್ದ ಪ್ರಮಾಣಪತ್ರವನ್ನು ಮುಟ್ಟದೆ, ತನ್ನ ಹಾಳೆಗಳನ್ನು ಎದೆಗವಚಿಕೊಂಡು, ಆಫ್ರೀನ ಬಾಗಿಲ ಕಡೆ ನಡೆದಳು.