ಎಡಗೈ ಮೇಲಿನ ಲಿಂಗ

ವಾಡಿ ಸ್ಟೇಷನ್ನಿನಲ್ಲಿ ಹೊರಟ ಗಾಡಿಯನ್ನು ಓಡಿ ಹಿಡಿಯಲು ಹೋದದ್ದು ನನ್ನದೇ ದಡ್ಡತನ. ಕಾಲು ಜಾರಿತು, ಎಡಗೈ ಮಾತ್ರ ಬಾಗಿಲ ಸರಳನ್ನು ಬಿಡಲಿಲ್ಲ. ಹತ್ತು ಮಾರು ಜೋತಾಡಿ ಬಿದ್ದೆ. ಎಲುಬು ಮುರಿಯಲಿಲ್ಲ, ಆದರೆ ಭುಜದಿಂದ ಬೆರಳಿನವರೆಗೆ ಕೈ ಸತ್ತಂತಾಯಿತು. ಚಿವುಟಿದರೂ ತಿಳಿಯುತ್ತಿರಲಿಲ್ಲ.

ಆಗ ನಾನು ಚಿತ್ತಾಪುರದಲ್ಲಿ ಮಾಸ್ತರ. ಸೀಮೆಸುಣ್ಣ ಹಿಡಿಯುವ ಬಲಗೈ ಉಳಿದದ್ದರಿಂದ ನೌಕರಿಗೆ ಧಕ್ಕೆಯಾಗಲಿಲ್ಲ. ಶಹಾಬಾದಿನ ಡಾಕ್ಟರು, ನರ ಎಳೆದಿದೆ, ತಾನೇ ಸರಿಹೋಗುತ್ತದೆ ಎಂದರು. ಗುಲ್ಬರ್ಗದವರು, ನರ ಹರಿದಿರಬಹುದು, ಹಾಗಿದ್ದರೆ ಕೈ ಬರುವುದಿಲ್ಲ ಎಂದರು. ಯಾವುದು ನಿಜ ಎಂದು ಕೇಳಿದರೆ ಇಬ್ಬರದೂ ಒಂದೇ ಉತ್ತರ: ಕಾದು ನೋಡಬೇಕು. ತೆಂಗಳಿಯಲ್ಲಿ ಎಲುಬು ಕೂಡಿಸುವವನೊಬ್ಬನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿ, ಬರುವ ಹುಣ್ಣಿಮೆಯೊಳಗೆ ಕೊಡ ಎತ್ತುತ್ತೀರಿ ಎಂದ. ನಾಲ್ಕು ಹುಣ್ಣಿಮೆ ಕಳೆದವು.

ತೊಂದರೆಯಾದದ್ದು ಪೂಜೆಗೆ. ನಮ್ಮಲ್ಲಿ ಕೊರಳ ಲಿಂಗವನ್ನು ಎಡ ಅಂಗೈ ಮೇಲಿಟ್ಟು, ಎದೆಯ ಮಟ್ಟಕ್ಕೆ ಹಿಡಿದು, ಬಲಗೈಯಿಂದ ವಿಭೂತಿ, ಪತ್ರಿ ಏರಿಸುತ್ತೇವೆ. ಲಿಂಗ ನೆಲಕ್ಕೆ ಬೀಳುವುದೆಂದರೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ.

ಮಠದ ಅಯ್ಯನವರು, "ಬಲಗೈ ಮ್ಯಾಲೆ ಇಟ್ಕೊಳ್ರಿ ಮಾಸ್ತರ, ನಡೀತದ" ಎಂದರು. ಅವ್ವ ಒಪ್ಪಲಿಲ್ಲ.

"ಬಲಗೈಗೆ ಕೊಟ್ರ ಎಡಗೈ ಹೋತು ಅಂತ ನಾವೇ ಹೇಳ್ದಂಗ ಆತಲ್ರಿ."

ಮರುದಿನದಿಂದ ಅವಳು ನನ್ನೆದುರು ಕುಳಿತು, ನನ್ನ ಎಡಗೈಯನ್ನು ತನ್ನ ಕೈಯಲ್ಲಿ ಎತ್ತಿ ಹಿಡಿಯತೊಡಗಿದಳು. ಮೂವತ್ತು ದಾಟಿದ ನನಗೆ ನಾಚಿಕೆ. ಬೇಗ ಮುಗಿಸಲೆಂದು ಅರ್ಧ ಮಂತ್ರ ನುಂಗುತ್ತಿದ್ದೆ.

ಏಳು ತಿಂಗಳಾದವು. ನಾನು ಆಸೆ ಬಿಟ್ಟಿದ್ದೆ. ಪೂಜೆಯ ಹೊತ್ತಿನಲ್ಲಿ ಕಣ್ಣು ಲಿಂಗದ ಮೇಲಿರುತ್ತಿತ್ತು. ಕೈಗೆ ಸ್ಪರ್ಶವಿಲ್ಲದ್ದರಿಂದ ಕೆಳಗೆ ಅವ್ವನ ಕೈ ತಾಗಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ.

ಒಂದು ಬೆಳಿಗ್ಗೆ ಅವ್ವ ಸೀನಿದಳು. ಅವಳ ಎರಡೂ ಕೈ ಮೂಗಿಗೆ ಹೋದವು. ನಾನು ಗಾಬರಿಯಾಗಿ ಕೂಗಿಬಿಟ್ಟೆ. ಲಿಂಗ ಇದ್ದಲ್ಲೇ ಇತ್ತು.

"ಯಾಕ ಒದರ್ತಿ? ಎಂಟು ದಿನ ಆತು, ನಾ ಹಿಡದೇ ಇಲ್ಲ. ಬರೇ ಕೆಳಗ ಕೈ ಒಡ್ಡೀನಿ."

"ಹೇಳಬಾರ್ದೇನವ್ವಾ?"

"ಹೇಳಿದ್ರ ಅಂಜಿ ಕೈ ಇಳಸ್ತಿದ್ದಿ."

ನರ ಹರಿದಿಲ್ಲ ಎಂಬುದು ನನಗೆ ತಿಳಿದದ್ದು ಹೀಗೆ. ಸಂತೋಷಕ್ಕಿಂತ ಮೊದಲು ಅಂಜಿಕೆಯೇ ಬಂತು. ಅವಳು ಹೇಳಿದಂತೆಯೇ ಕೈ ಕೆಳಗಿಳಿಯತೊಡಗಿತು.

"ಅವ್ವಾ, ಹಿಡಿ" ಎಂದೆ.

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕುಳಿತಳು.